ಎಂಟನೇ ನಂಬರ್ ಕಡ್ಡಿ

ಎಂಟನೇ ನಂಬರ್ ಕಡ್ಡಿ ಬೇಕಿತ್ತು.
ಇರುವುದು ಒಂದೇ ಜೋಡಿ,
ಅಕ್ಕನ ಮಗುವಿನ ಟೋಪಿಯಲ್ಲಿ ಸಿಕ್ಕಿಕೊಂಡಿದೆ,
ಕಿವಿಯವರೆಗೆ ಬಂದು ನಿಂತ ಟೋಪಿ.
ಮಗು ಈಗ ಒಂದನೇ ಕ್ಲಾಸು,
ಮಗ್ಗಿ ಹೇಳುತ್ತದೆ.

ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ತೋಳು,
ಹೊಲಿಗೆ ಮಿಷನ್ನಿನ ಖಾನೆಯಲ್ಲಿ ಇನ್ನೊಂದು;
ಎರಡೂ ಒಂದೇ ಸ್ವೆಟರಿನವಲ್ಲ.
ರಾಗಿಹಿಟ್ಟಿನ ಡಬ್ಬದ ಹಿಂದೆ
ಸಾಸಿವೆ ಬಣ್ಣದ ಮಫ್ಲರ್, ಗೇಣುದ್ದ,
ಕುಕ್ಕರಿನ ಮೂರು ಕೂಗಿಗೆ ಎರಡು ಸಾಲಿನಂತೆ.

ಶಿಡ್ಲಘಟ್ಟದ ಬಸ್ಸಿನಲ್ಲಿ ಉಂಡೆ ಜಾರಿ
ಡ್ರೈವರನ ಕಾಲ ಬಳಿಗೇ ಉರುಳುತ್ತದೆ.
ಕಂಡಕ್ಟರ್ ಪಿಳ್ಳಪ್ಪ ಸುತ್ತಿ ಕೊಡುತ್ತಾ,
"ಹೋದ ಚಳೀಲೂ ಇದೇ ನೀಲಿ ಇತ್ತಲ್ಲ ಮೇಡಂ?"
ಅದು ಬೇರೆ ನೀಲಿ, ಅಂದೆ.
ಸುಳ್ಳೇನಲ್ಲ.

ಇವತ್ತು ರಜೆ. ಮಂಜಿಗೆ ನಂದಿ ಬೆಟ್ಟ ಕಾಣಲಿಲ್ಲ.
ಟೋಪಿ ಬಿಚ್ಚಿ ಕಡ್ಡಿ ಬಿಡಿಸಿಕೊಳ್ಳೋಣವೆಂದು
ಪಟ್ಟಾಗಿ ಕೂತೆ.
ನಲವತ್ತೆರಡು ಕುಣಿಕೆ,
ಬಾಯಿ ತೆರೆದುಕೊಂಡು, ಆರು ವರ್ಷದಿಂದ
ಕಡ್ಡಿಯ ಮೇಲೇ ಕೂತಿವೆ,
ಒಂದೂ ಜಾರದೆ.

ಎದ್ದು ಸೈಕಲ್ ಅಂಗಡಿಗೆ ಹೋದೆ,
ಹಳೇ ಚಕ್ರದ ಎರಡು ಕಡ್ಡಿ ಕೇಳಿದೆ.
"ಹೋದ ಸಲದಂಗೇ ತುದಿ ಉಜ್ಜಿ ಕೊಡ್ಲಾ?" ಎಂದ ಅನ್ಸರ್.
ಬಗಲ ಚೀಲದಲ್ಲಿ
ಹೊಸ ಉಣ್ಣೆ, ಹಸಿರು.