ಆಟ ಬಿಟ್ಟು ಮಿಕ್ಕಿದ್ದು

ಅಶೋಕನಗರದ ಫುಟ್‌ಬಾಲ್ ಮೈದಾನಕ್ಕೆ
ಬುಧವಾರದ ಮೂರೂವರೆ ಬಿಸಿಲಲ್ಲಿ
ಬಿ ಡಿವಿಷನ್ ಪಂದ್ಯ ನೋಡಲು ಬರುವವರು
ಒಂದೋ ಆಡುವ ಹುಡುಗರ ಸೋದರಮಾವಂದಿರು
ಇಲ್ಲವೇ ನಾವು.

ನಮ್ಮ ಕಾರ್ಖಾನೆಯ ತಂಡ ಕಣ್ಮುಚ್ಚಿ ಹನ್ನೊಂದು ವರ್ಷ.
ಈಗ ಯಾರು ನೀಲಿ ಅಂಗಿ ತೊಟ್ಟು ಬಂದರೂ
ಅವರೇ ನಮ್ಮವರು.

ನೆರಳು ಬೀಳುವ ಕಡೆ ನಮ್ಮ ಮೆಟ್ಟಿಲು.
ಕೆಳಗೆ ಹಾಸಲು ಅವತ್ತಿನ ಪೇಪರು.
ಹಾಗಾಗಿ ಲೋಕದ ಸುದ್ದಿಯೆಲ್ಲ ನಮ್ಮ ಅಡಿಯಲ್ಲೇ;
ಬೇಕಾದಾಗ ಒಂದು ಪಕ್ಕ ಎದ್ದು
ಓದಿಕೊಳ್ಳುತ್ತೇವೆ.

"ಮೆಟ್ರೋ ರೇಟು ನೋಡಿದ್ಯೇನೋ?
ಪಂದ್ಯ ಬಿಟ್ಟಿ, ಬರೋ ದಾರಿ ದುಬಾರಿ."
ಅದು ಸನಾವುಲ್ಲಾ.
"ಕಸಕ್ಕೂ ತೆರಿಗೆಯಂತೆ. ನಮ್ಮನೇಲಿ ಕಸ ಅಂದ್ರೆ ನಾನೊಬ್ನೇ,
ನಂಗೆಷ್ಟು ಬೀಳುತ್ತೆ ಕೇಳು."
ಅದು ದೊಡ್ಡಹನುಮಯ್ಯ.
ಶುಕ್ರವಾರದ ಸಿನಿಮಾ ಮತ್ತೆ ಮುಂದಕ್ಕೆ ಹೋಗಿದೆ.
ಪಾತ್ರಕ್ಕೆಂದು ಬಿಟ್ಟ ಹೀರೋನ ಗಡ್ಡ
ಕಾದೂ ಕಾದೂ ನಿಜವಾಗಿಯೇ ನರೆಯಿತು.
ಬನ್ನೇರುಘಟ್ಟ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ
ಕ್ಯಾಮೆರಾಗೆ ಚಿರತೆ ಸಿಕ್ಕಿದೆ.
"ಬಾಡಿಗೆ ಮನೆ ಹುಡುಕ್ತಿರ್ಬೇಕು."
"ಅಡ್ವಾನ್ಸ್ ಎಷ್ಟೂಂತ ಹೇಳಿ ನೋಡು,
ಅದೇ ಕಾಡಿಗೆ ಓಡುತ್ತೆ."

ಅಷ್ಟರಲ್ಲಿ ನಮಗೊಂದು ಗೋಲು ಬಿದ್ದಿತ್ತು.
ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ:
ನಿಮಿಷ ಇಪ್ಪತ್ತಾರು, ಎದುರಾಳಿ, ಒಂಬತ್ತನೇ ನಂಬರಿನವನು.
ಮೂವತ್ತು ವರ್ಷದಿಂದ ಬರೆಯುತ್ತಿದ್ದೇನೆ,
ಯಾರೂ ಕೇಳಿಲ್ಲ.

ಕುಪ್ಪಣ್ಣ ಸೀರಿಯಲ್ ನೋಡುವುದಿಲ್ಲ.
ಮನೆಯವಳು ಹಾಕಿರುತ್ತಾಳೆ, ಕಿವಿಗೆ ಬೀಳುತ್ತದೆ.
ಕಿವಿಗೆ ಬಿದ್ದದ್ದರಲ್ಲಿ ಸೀರೆಯ ಬಣ್ಣವೂ ಇರುತ್ತದೆ.
"ನಿನ್ನೆ ಆ ಹುಡುಗಿ, ಗಿಳಿಹಸಿರು ಸೀರೆ,
ಸೂಟ್‌ಕೇಸ್ ಹಿಡ್ಕೊಂಡು ತವರಿಗೆ ಬಂದ್ಬಿಟ್ಳು.
ಎರಡು ವಾರ, ಅಷ್ಟೇ.
ಬುದ್ಧಿ ಹೇಳಿ ವಾಪಸ್ ಕಳಿಸ್ತಾರೆ, ಬರೆದಿಟ್ಕೋ."

"ಯಾಕೆ ಕಳಿಸ್ಬೇಕು?"

ಅರುಳಪ್ಪ. ಬಂದಾಗಿನಿಂದ ಬಾಯಿ ಬಿಡದೆ
ಕಡಲೆಕಾಯಿ ಸುಲಿಯುತ್ತಿದ್ದವನು.
ತಿನ್ನುತ್ತಿರಲಿಲ್ಲ; ಅಂಗೈಯಲ್ಲಿ ಕಾಳಿನ ರಾಶಿ.
"ಇನ್ನೊಂದು ತಟ್ಟೆ ಇಡೋಕಾಗಲ್ವಾ ಆ ಅಪ್ಪನಿಗೆ?"

ನಮಗೆ ಗೊತ್ತಿತ್ತು.
ಆಸ್ಟಿನ್ ಟೌನ್ ಅಷ್ಟೇನೂ ದೊಡ್ಡ ಟೌನಲ್ಲ.
ಈಸ್ಟರಿಗೆ ಎರಡು ದಿನ ಮೊದಲು, ರಾತ್ರಿ,
ಒಂದು ಆಟೋ, ಎರಡು ಬ್ಯಾಗು,
ಹಿಂದೆ ಹಗ್ಗ ಬಿಗಿದ ಹೊಲಿಗೆ ಮಿಷನ್ನು.
ಗೊತ್ತಿದ್ದೂ ಯಾರೂ ಕೇಳಿರಲಿಲ್ಲ.
ನಾವಿಲ್ಲಿ ಕೂರುವುದೇ
ಊರ ಉಸಾಬರಿ ಮಾಡಲು,
ಮನೆಯದಲ್ಲ.

ಕುಪ್ಪಣ್ಣ ತನ್ನ ಚಪ್ಪಲಿ ನೋಡಿಕೊಂಡ.
ದೊಡ್ಡಹನುಮಯ್ಯ ಕೆಮ್ಮಿದ.
"ಅಪ್ಪನ ಪಾರ್ಟು ಮಾಡೋನು ಒಳ್ಳೇವ್ನಪ್ಪ.
ಕಳಿಸಲ್ಲ ಅವನು. ಮುಖ ನೋಡಿದ್ರೇ ಗೊತ್ತಾಗುತ್ತೆ."

ಸನಾವುಲ್ಲಾನ ಮನೆಯಲ್ಲಿ ಟಿವಿ ಕೆಟ್ಟು ವರ್ಷವಾಗಿದೆ.
ಮೈದಾನದ ಕಡೆಗೇ ಮುಖ ಮಾಡಿ ಅವನೆಂದ:
"ಆ ಹುಡುಗಿಗೆ ಹೊಲಿಗೆ ಬರುತ್ತಲ್ವಾ?
ನಮ್ಮಕ್ಕನ ಮಗ ಶಿವಾಜಿನಗರದಲ್ಲಿ
ಸ್ಕೂಲ್ ಯೂನಿಫಾರಂ ಆರ್ಡರ್ ಹಿಡೀತಾನೆ.
ಜೂನ್ ಬಂದೇ ಬಿಡ್ತು, ಕೈ ಸಾಲದು ಅಂತಿದ್ದ.
ಸೀರಿಯಲ್ನೋರಿಗೆ ಯಾರಾದ್ರೂ ಹೇಳಿ."

ಸೀರಿಯಲ್ಲಿನ ಹುಡುಗಿ ಡಾಕ್ಟರು.
ಕುಪ್ಪಣ್ಣ ಬಾಯಿ ತೆರೆದ,
ಮುಚ್ಚಿಕೊಂಡ.

"ಹೇಳ್ತೀನಿ" ಎಂದ ಅರುಳಪ್ಪ.

ಆಗಲೇ ಮಾವಂದಿರೆಲ್ಲ ಎದ್ದು ಕೂಗಿದ್ದು.
ಬಲೆ ಅಲುಗುತ್ತಿತ್ತು. ನೀಲಿ ಅಂಗಿಗಳು
ಒಬ್ಬರ ಮೇಲೊಬ್ಬರು ಬಿದ್ದಿದ್ದರು,
ಅಡಿಯಲ್ಲಿದ್ದವನ ಬೆನ್ನು ಕಾಣಲಿಲ್ಲ.
"ಯಾರೋ ಹೊಡೆದದ್ದು?"
ನಾವು ಐವರು, ಹತ್ತು ಕಣ್ಣು,
ಒಂದೂ ನೋಡಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ೧–೧ ಎಂದು ಬರೆದು
ಹೆಸರಿನ ಜಾಗ ಹಾಗೇ ಬಿಟ್ಟೆ.
ಯಾರನ್ನಾದರೂ ಕೇಳಬಹುದಿತ್ತು.

ಅರುಳಪ್ಪ ಅಂಗೈ ಚಾಚಿದ,
ಒಬ್ಬೊಬ್ಬರೂ ನಾಲ್ಕು ನಾಲ್ಕು ಕಾಳು ತೆಗೆದುಕೊಂಡೆವು.
ಅವನು ಪಕ್ಕಕ್ಕೆ ಒರಗಿ, ಅಡಿಯ ಪೇಪರು ಎಳೆದು,
ಮಡಿಕೆ ಸರಿಮಾಡುತ್ತ ಕೇಳಿದ:
"ಅಲ್ಲಾ, ಆ ಚಿರತೆ
ಆಮೇಲೆ ಎಲ್ಲಿಗೆ ಹೋಯ್ತಂತೆ?"