ಪುಟ ಹನ್ನೊಂದು

ಇನ್ವರ್ಕಾರ್ಗಿಲ್. ಲಾನ್ ಬೌಲ್ಸ್ ರಾಷ್ಟ್ರೀಯ ಮಂಡಳಿಯ ಸಭೆ.
ಹೀಟರ್ ಕೆಮ್ಮುತ್ತಿದೆ.
ನೈರಿ ಪೊಹಾಟು ಕನ್ನಡಕ ಒರೆಸಿ ಓದುತ್ತಾಳೆ:
ಸದಸ್ಯರು ಇನ್ನೂರ ಹದಿನಾಲ್ಕು ಹೆಚ್ಚು,
ಹೊಸ ಶಾಲೆಗಳು ಒಂಬತ್ತು,
ಮುಚ್ಚಿದ ಕ್ಲಬ್ಬು ಎರಡೇ.
ಆ ಏಕಾರದಲ್ಲಿ ದನಿ ತುಸು ಎಡವಿತು.

ಹಿಂದಿನ ಸಾಲಿನಲ್ಲಿ ಡಗಲ್ ಮೆಕ್‌ಇಂಡೋ
ತೊಡೆಯ ಮೇಲೆ ಚೆಂಡಿಟ್ಟು ಕೂತಿದ್ದಾನೆ.
ಅವನ ಹುಲ್ಲಂಗಳದಲ್ಲೀಗ ಕಾರುಗಳು ನಿಲ್ಲುತ್ತವೆ,
ಬಿಳಿ ಗೆರೆಗಳ ನಡುವೆ, ನೆಟ್ಟಗೆ.

ಪರದೆಯ ಮೇಲೆ ಗೆರೆಯೊಂದು ಏರುತ್ತಿದೆ, ಅದೂ ನೆಟ್ಟಗೆ.
ಅವನ ಚೆಂಡಿಗೆ ಆ ವಿದ್ಯೆ ಗೊತ್ತಿಲ್ಲ:
ಹುಟ್ಟಿನಿಂದ ಒಂದು ಮಗ್ಗುಲು ಭಾರ;
ಗುರಿಯಿಂದ ಆಚೆಗೆ ಬಿಟ್ಟರಷ್ಟೇ
ಕೊನೆಗೆ, ವೇಗವೆಲ್ಲ ಸತ್ತ ಮೇಲೆ,
ಬಾಗಿ ಬಂದು ಪುಟ್ಟ ಬಿಳಿಗುಂಡಿನ ಪಕ್ಕ ಕೂರುತ್ತದೆ.

‘ಪ್ರಶ್ನೆಗಳಿವೆಯೇ?’

ಡಗಲ್ ಎದ್ದ. ಚೆಂಡು ಜಾರಿ
ಹಲಗೆ ನೆಲದ ಮೇಲೆ ಉರುಳಿತು.
ಎಲ್ಲರೂ ಕಾಲೆತ್ತಿಕೊಂಡರು.
ನೈರಿಯೂ ಹಾಳೆ ಕೆಳಗಿಟ್ಟು ನೋಡಿದಳು,
ಯಾವ ಕಡೆ ತಿರುಗುತ್ತದೋ ಎಂದು.