ಮೊದಲ ಗೇರು

ಮೊದಲ ಗೇರೇ ನನಗೆ ಓಟ, ಅಂದ ಆರ್ವಿಡ್,
ಕುಂಟುಗಾಲನ್ನು ಬಾಗಿಲಾಚೆಯೇ ಬಿಟ್ಟುಬಂದವನ ಹಾಗೆ ನಿಂತು.
ಹೋದ ಮಾರ್ಚಿನಲ್ಲಿ ಮೇಪಲ್ ದಿಮ್ಮಿ ಉರುಳಿ
ಕಾಲಿನ ಮೂರು ಬೆರಳು ತಿಂದಿತ್ತು.
ಹಿಮ ತೂರುವ ಯಂತ್ರಕ್ಕೆ ಅದೆಲ್ಲ ಗೊತ್ತೇ?
ಅದು ಎಳೆಯುತ್ತದೆ, ಇವನು ಏದುತ್ತಾನೆ.

ಮುಚ್ಚಳ ಬಿಚ್ಚಿದೆ. ಬೆಲ್ಟಿನ ಕರಿ ಹುಡಿ,
ಸುಟ್ಟ ರಬ್ಬರಿನ ವಾಸನೆ, ಒಂದು ಇಲಿಗೂಡು.
ಎಂಜಿನ್ನಿನ ದಂಡಕ್ಕೆ ಎರಡು ಪುಲ್ಲಿ:
ಒಂದು ತೂರಲು, ಒಂದು ಗಾಲಿ ತಿರುಗಲು.
ತೂರುವುದನ್ನು ಮುಟ್ಟಲಿಲ್ಲ.
ಗಾಲಿಯದನ್ನು ಕಳಚಿ
(ತುಕ್ಕು, ಎಣ್ಣೆ, ಸುತ್ತಿಗೆ, ನನ್ನಜ್ಜಿಯ ಫಿನ್ನಿಷ್ ಬೈಗುಳ)
ಅರ್ಧ ಇಂಚು ಚಿಕ್ಕದನ್ನು ಕೂರಿಸಿದೆ.
ಬೆಲ್ಟು ಜೋತುಬಿತ್ತು. ಗಿಡ್ಡದೊಂದು ಹುಡುಕಿ
ಹ್ಯಾನ್ಕಾಕ್‌ವರೆಗೆ ಹೋಗಿಬಂದೆ;
ಸರೋವರದ ಗಾಳಿ ಕಾರನ್ನೇ ನೂಕುತ್ತಿತ್ತು.

ಚಿಕ್ಕದು ಸುತ್ತಿಸಿದರೆ ದೊಡ್ಡದು ನಿಧಾನ:
ಇಷ್ಟೇ ಲೆಕ್ಕ. ಬಿಲ್ಲಿನಲ್ಲಿ ಒಂದೇ ಸಾಲು.

ಇವತ್ತು ಅವನ ಮನೆಯ ಮುಂದೆ ಹಾದೆ.
ಹಿಮ ಮೊದಲಿನಷ್ಟೇ ಎತ್ತರಕ್ಕೆ ಹಾರಿ
ಅಂಚೆಪೆಟ್ಟಿಗೆ ದಾಟಿ ಬೀಳುತ್ತಿತ್ತು.
ಹಿಂದೆ ಆರ್ವಿಡ್. ಒಂದು ಹೆಜ್ಜೆ.
ತಡೆದು,
ಇನ್ನೊಂದು.
ಯಂತ್ರ ಮುಂದೆ ಮುಂದೆ, ಅವಸರವಿಲ್ಲದ ಹಸುವಿನಂತೆ.
ಕೈ ಬೀಸಲಿಲ್ಲ ಅವನು, ಎರಡೂ ಹಿಡಿಕೆಯ ಮೇಲಿದ್ದವು.
ಗದ್ದ ಎತ್ತಿದ.